ಜೂನಿಯರ್ ಪಾಯಿಂಟ್ ಖರ್ಚು ಮಾಡುವ ಕಾಲ

ಹದಿನಾರರ ಹುಡುಗ ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಮೊದಲ ಐವತ್ತರೊಳಗೆ ಬಂದ ಅಂದರೆ ಸಾಕು, ನೆಂಟರಿಂದ ಹಿಡಿದು ಪ್ರಾಯೋಜಕರವರೆಗೆ ಎಲ್ಲರೂ ಕೇಳುವುದು ಒಂದೇ ಮಾತು: ಪ್ರೊ ಆಗುವುದು ಯಾವಾಗ? ಟೆನಿಸ್‌ನಲ್ಲಿ ಅಂಥ ಒಂದು ದಿನ ಇರುವುದಿಲ್ಲ. ಹದಿನಾಲ್ಕು ತುಂಬಿದ ಮೇಲೆ ವೃತ್ತಿಪರ ಟೂರ್ನಿಯ ಅರ್ಹತಾ ಸುತ್ತಿಗೆ ಹೆಸರು ಕೊಡಬಹುದು. ಹದಿನೆಂಟು ತುಂಬಿದ ವರ್ಷದ ಡಿಸೆಂಬರ್‌ವರೆಗೂ ಜೂನಿಯರ್ ಆಡಬಹುದು. ಈ ನಡುವಿನ ವರ್ಷಗಳಲ್ಲಿ ಎರಡು ರ‍್ಯಾಂಕಿಂಗ್ ಪಟ್ಟಿಗಳು ಜೊತೆಜೊತೆಗೇ ಓಡುತ್ತಿರುತ್ತವೆ. ಈ ವಾರ ಯಾವ ಪಟ್ಟಿಗಾಗಿ ಆಡಬೇಕು ಎಂದು ತೀರ್ಮಾನಿಸುವುದೇ ಈ ದಾರಿಯ ಅರ್ಧ ಕೆಲಸ. ಫೋರ್‌ಹ್ಯಾಂಡ್ ತಿದ್ದುವವರು ಎಲ್ಲ ಕಡೆ ಸಿಗುತ್ತಾರೆ, ಕ್ಯಾಲೆಂಡರ್ ತಿದ್ದುವವರು ಕಡಿಮೆ.

ಜೂನಿಯರ್ ರ‍್ಯಾಂಕಿಂಗ್ ಅಂದರೆ ಅವಧಿ ಬರೆದಿರುವ ನೋಟಿದ್ದಂತೆ. ಇಟ್ಟುಕೊಂಡರೆ ಬಡ್ಡಿ ಬರುವುದಿಲ್ಲ, ಅವಧಿಯೊಳಗೆ ಖರ್ಚು ಮಾಡದಿದ್ದರೆ ಬೆಲೆಯೂ ಇಲ್ಲ. ಕೆಳಗೆ ಹೇಳುವುದೆಲ್ಲ ಈ ನೋಟನ್ನು ಹೇಗೆ ಗಳಿಸುವುದು, ಎಲ್ಲಿ ಮುರಿಸುವುದು ಎಂಬುದರ ಬಗ್ಗೆ.

ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಜೂನಿಯರ್ ಟೂರ್ನಿಗಳಿಗೆ ಪ್ರವೇಶ 13ನೇ ವಯಸ್ಸಿಗೆ. 2023ರಿಂದ ಟೂರ್ನಿಗಳ ಹೆಸರೇ ಅವುಗಳ ಬೆಲೆ ಹೇಳುತ್ತದೆ: ಜೆ30, ಜೆ60, ಜೆ100, ಜೆ200, ಜೆ300, ಜೆ500. ಸಿಂಗಲ್ಸ್ ಗೆದ್ದವರಿಗೆ ಅಷ್ಟೇ ಪಾಯಿಂಟ್. ಮೇಲ್ಗಡೆ ಜೂನಿಯರ್ ಗ್ರ್ಯಾಂಡ್ ಸ್ಲಾಮ್, ಅಲ್ಲಿ 1000. ರ‍್ಯಾಂಕಿಂಗ್‌ಗೆ ಲೆಕ್ಕವಾಗುವುದು ಕಳೆದ 52 ವಾರಗಳ ಆರು ಅತ್ಯುತ್ತಮ ಸಿಂಗಲ್ಸ್ ಫಲಿತಾಂಶಗಳು, ಜೊತೆಗೆ ಆರು ಅತ್ಯುತ್ತಮ ಡಬಲ್ಸ್ ಫಲಿತಾಂಶಗಳ ಕಾಲುಭಾಗ. ಈ 'ಆರು' ಎಂಬ ಸಂಖ್ಯೆಯನ್ನು ಮನೆಯವರು ಮೊದಲ ದಿನವೇ ಗೋಡೆಗೆ ಬರೆದುಕೊಳ್ಳಬೇಕು. ಆರು ಜೆ30 ಪ್ರಶಸ್ತಿ ಗೆದ್ದರೂ ಒಟ್ಟು 180. ಒಂದೇ ಒಂದು ಜೆ200 ಪ್ರಶಸ್ತಿ ಅದನ್ನು ಮೀರಿಸುತ್ತದೆ. ಜೆ300ರಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರೆ 100 ಪಾಯಿಂಟ್, ಅಂದರೆ ಒಂದು ಜೆ100 ಪ್ರಶಸ್ತಿಯಷ್ಟು. ಆದರೂ ದುರ್ಬಲ ಡ್ರಾ (ಆಡುವವರ ಪಟ್ಟಿ) ಹುಡುಕಿಕೊಂಡು ದೂರದೂರದ ಜೆ30, ಜೆ60ಗಳಿಗೆ ಹಾರುತ್ತಲೇ ಇರುವ ಕುಟುಂಬಗಳು ಪ್ರತಿ ಟೂರ್ನಿಯಲ್ಲೂ ಕಾಣುತ್ತವೆ. ಪಾಯಿಂಟ್ ಬರುತ್ತದೆ, ನಿಜ. ಆದರೆ ಆರು ಜಾಗ ತುಂಬಿದ ಮೇಲೆ ಏಳನೆಯ ಜೆ30 ಪ್ರಶಸ್ತಿಯಿಂದ ರ‍್ಯಾಂಕಿಂಗ್ ಅಲುಗಾಡುವುದಿಲ್ಲ. ಅಷ್ಟರಲ್ಲಿ ತನಗಿಂತ ಬಲವಾದವರ ಎದುರು ಆಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಡಬಲ್ಸ್ ಬಗ್ಗೆ ಒಂದು ಮಾತು. ಕಾಲುಭಾಗ ತಾನೇ ಎಂದು ಬಿಡುವವರಿದ್ದಾರೆ. ಸಿಂಗಲ್ಸ್ ಮೊದಲ ಸುತ್ತಿನಲ್ಲೇ ಸೋತ ವಾರ ಇನ್ನೂ ಎರಡು ಮೂರು ದಿನ ಪಂದ್ಯದ ಒತ್ತಡದಲ್ಲಿ ರಿಟರ್ನ್ ಮತ್ತು ವಾಲಿ ಆಡಲು ಸಿಗುವ ಅವಕಾಶ ಅದೊಂದೇ. ಪ್ರಯಾಣದ ಖರ್ಚು ಆಗಲೇ ಆಗಿಹೋಗಿದೆ, ಆಡಬೇಕು.

ಎಲ್ಲರ ಕಣ್ಣಿರುವುದು ಜೂನಿಯರ್ ಗ್ರ್ಯಾಂಡ್ ಸ್ಲಾಮ್ ಮೇಲೆ. 64 ಜನರ ಡ್ರಾ. ಅರ್ಹತಾ ಸುತ್ತಿನಿಂದ ಬರುವವರನ್ನೂ ವೈಲ್ಡ್ ಕಾರ್ಡ್‌ಗಳನ್ನೂ (ಆಯೋಜಕರು ತಮ್ಮಿಷ್ಟದಂತೆ ಕೊಡುವ ಜಾಗ) ಕಳೆದರೆ ನೇರ ಪ್ರವೇಶ ಸಿಗುವುದು ಸುಮಾರು ಐವತ್ತು ಮಂದಿಗೆ. ಅಲ್ಲಿಗೆ ಒಮ್ಮೆ ಹೋಗುವುದು ಖಂಡಿತ ಒಳ್ಳೆಯದು. ದೊಡ್ಡ ಅಂಗಳ, ಪಕ್ಕದ ಕೋರ್ಟ್‌ನಲ್ಲಿ ಅಗ್ರ ಆಟಗಾರರ ಅಭ್ಯಾಸ, ರ‍್ಯಾಕೆಟ್ ಕಂಪನಿಯವರು, ಏಜೆಂಟರು ಎಲ್ಲ ಒಂದೇ ವಾರದಲ್ಲಿ ಕಾಣಸಿಗುತ್ತಾರೆ. ಆದರೆ ಅದು ಮುಂದಿನದಕ್ಕೆ ಗ್ಯಾರಂಟಿ ಪತ್ರವಲ್ಲ. ಫೆಡರರ್ 1998ರಲ್ಲಿ ವಿಂಬಲ್ಡನ್ ಜೂನಿಯರ್ ಗೆದ್ದು ಆ ವರ್ಷವನ್ನು ಜೂನಿಯರ್ ನಂಬರ್ ಒನ್ ಆಗಿ ಮುಗಿಸಿದವರು. ಮುಂದೆ ವಿಶ್ವದ ನಂಬರ್ ಒನ್ ಆದ ಇಟಲಿಯ ಯಾನಿಕ್ ಸಿನ್ನರ್ ಜೂನಿಯರ್ ಟೂರ್ನಿಗಳಲ್ಲಿ ಹೆಚ್ಚು ಕಾಣಿಸಿಕೊಳ್ಳಲೇ ಇಲ್ಲ. 2019ರ ಫೆಬ್ರವರಿಯಲ್ಲಿ 17ನೇ ವಯಸ್ಸಿಗೆ ಬೆರ್ಗಾಮೊ ಚಾಲೆಂಜರ್ (ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಗೆದ್ದಾಗ ಅವರ ಎಟಿಪಿ (ಪುರುಷರ ವೃತ್ತಿಪರ ಟೆನಿಸ್) ರ‍್ಯಾಂಕಿಂಗ್ ಐನೂರರ ಆಚೆ ಇತ್ತು. ಎರಡೂ ದಾರಿ ತಲುಪುವುದು ಒಂದೇ ಕಡೆ ಎಂದು ಕೇಳಲು ಚೆನ್ನ. ಆದರೆ ಎರಡನೆಯ ದಾರಿಗೆ ಬೇಕಾದ ಹೊಡೆತ ಕೈಯಲ್ಲಿಲ್ಲದವರು ಸಿನ್ನರ್ ಹೆಸರು ಹೇಳಿಕೊಂಡು ಜೂನಿಯರ್ ಬಿಟ್ಟುಬಿಡುವುದೂ ಇದೆ.

ವಯಸ್ಸಿನ ಎರಡು ಲೆಕ್ಕ

ಇಲ್ಲಿ ಹುಡುಗ ಹುಡುಗಿಯರ ದಾರಿ ಬೇರೆಯಾಗುತ್ತದೆ. ಜೆನಿಫರ್ ಕ್ಯಾಪ್ರಿಯಾಟಿ 1990ರ ಮಾರ್ಚ್‌ನಲ್ಲಿ, 14 ತುಂಬುವ ಕೆಲವೇ ದಿನ ಮುಂಚೆ ವೃತ್ತಿಪರ ಟೆನಿಸ್‌ಗೆ ಬಂದು ಮೊದಲ ಟೂರ್ನಿಯಲ್ಲೇ ಫೈನಲ್ ತಲುಪಿದರು. ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್, 1992ರಲ್ಲಿ ಒಲಿಂಪಿಕ್ ಚಿನ್ನ. ಆ ಬಳಿಕ ಅವರು ಆಟದಿಂದಲೇ ದೂರ ಸರಿದ ರೀತಿ ಕಂಡು ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ವಯಸ್ಸಿನ ಮಿತಿಯ ನಿಯಮ ತಂದಿತು. ದೀರ್ಘಕಾಲದಿಂದ ಇರುವ ಮೂಲ ಲೆಕ್ಕ ಹೀಗೆ: 14ನೇ ವಯಸ್ಸಿನಲ್ಲಿ 8 ವೃತ್ತಿಪರ ಟೂರ್ನಿ, 15ಕ್ಕೆ 10, 16ಕ್ಕೆ 12, 17ಕ್ಕೆ 16, 18ಕ್ಕೆ ಮಿತಿ ಇಲ್ಲ. ಒಳ್ಳೆಯ ರ‍್ಯಾಂಕಿಂಗ್ ಇದ್ದರೆ ಒಂದಷ್ಟು ಹೆಚ್ಚುವರಿ ಅವಕಾಶ ಸಿಗುತ್ತದೆ. ನಿಯಮದಲ್ಲಿ ಆಗಾಗ ಸಡಿಲಿಕೆ ಬರುವುದರಿಂದ ಆಯಾ ವರ್ಷದ ನಿಯಮಪುಸ್ತಕವನ್ನೇ ನೋಡಬೇಕು. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತು ಬಂದರೂ ಒಂದು ಟೂರ್ನಿ ಖರ್ಚಾದಂತೆಯೇ. ಹಾಗಾಗಿ ಹದಿನೈದರ ಹುಡುಗಿಯನ್ನು 'ಸುಮ್ಮನೆ ಅನುಭವಕ್ಕೆ' ಎಂದು ದೊಡ್ಡ ಟೂರ್ನಿಯ ಅರ್ಹತಾ ಸುತ್ತಿಗೆ ಕರೆದೊಯ್ಯುವುದು ದುಬಾರಿ ಅನುಭವ.

ಎಡವುವುದು ಇಲ್ಲೇ: ಜೂನಿಯರ್ ಅರ್ಹತೆ ಕ್ಯಾಲೆಂಡರ್ ವರ್ಷದ ಲೆಕ್ಕ, ಡಬ್ಲ್ಯುಟಿಎ ಮಿತಿ ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ. ಜನವರಿಯಲ್ಲಿ ಹುಟ್ಟಿದ ಹುಡುಗಿಗೆ 18 ತುಂಬಿದ ಮೇಲೂ ಹೆಚ್ಚುಕಡಿಮೆ ಇಡೀ ವರ್ಷ ಜೂನಿಯರ್ ಅರ್ಹತೆ ಉಳಿದಿರುತ್ತದೆ. ಅಂದರೆ ಮಿತಿಯಿಲ್ಲದೆ ವೃತ್ತಿಪರ ಟೂರ್ನಿ ಆಡುತ್ತ, ಬೇಕಾದ ದೊಡ್ಡ ಜೂನಿಯರ್ ಟೂರ್ನಿಯನ್ನೂ ಆರಿಸಿಕೊಳ್ಳಬಹುದು. ಡಿಸೆಂಬರ್‌ನಲ್ಲಿ ಹುಟ್ಟಿದವಳಿಗೆ ಮಿತಿ ತೆರೆಯುವುದೂ ಜೂನಿಯರ್ ಬಾಗಿಲು ಮುಚ್ಚುವುದೂ ಒಂದೇ ತಿಂಗಳಲ್ಲಿ. ಇಬ್ಬರಿಗೂ ಒಂದೇ ವೇಳಾಪಟ್ಟಿ ಹಾಕಿದರೆ ಒಬ್ಬಳಿಗೆ ಅನ್ಯಾಯ. ಡಿಸೆಂಬರ್ ಮಗು ತನಗೆ ಸಿಗುವ ಟೂರ್ನಿಗಳನ್ನು ವರ್ಷವಿಡೀ ಹಂಚಿಕೊಂಡು, ಹುಟ್ಟುಹಬ್ಬಕ್ಕೆ ಮುಂಚೆ ಒಂದೂ ಉಳಿಯದಂತೆ ಬಳಸಬೇಕು. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಸೇರಿಕೊಳ್ಳುತ್ತದೆ ಎಂದು ನಂಬಿ ಕೂರಬಾರದು. ಹುಡುಗರಿಗೆ ಮಿತಿ ಇರುವುದು 14 ಮತ್ತು 15ನೇ ವಯಸ್ಸಿನಲ್ಲಿ. 16 ತುಂಬಿದರೆ ಎಷ್ಟು ಬೇಕಾದರೂ ಆಡಬಹುದು. ಅವರಿಗೆ ತಡೆ ನಿಯಮದ್ದಲ್ಲ, ದೇಹದ್ದು.

ಮೊದಲ ಪಾಯಿಂಟ್‌ನ ವಾರ

ವೃತ್ತಿಪರ ಆಟದ ಕೆಳಗಿನ ಮೆಟ್ಟಿಲು ಐಟಿಎಫ್ ಟೂರ್ನಿಗಳು: ಹುಡುಗರಿಗೆ ಎಂ15, ಎಂ25. ಹುಡುಗಿಯರಿಗೆ ಡಬ್ಲ್ಯು15, ಡಬ್ಲ್ಯು35, ಮುಂದೆ 50, 75, 100. ಇವುಗಳ ಮೇಲೆ ಹುಡುಗರಿಗೆ ಚಾಲೆಂಜರ್ 50ರಿಂದ 175ರವರೆಗೆ. ಎಂ15 ಗೆದ್ದರೆ 15 ಪಾಯಿಂಟ್, ಪ್ರಧಾನ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ 1. ಆ ಒಂದು ಪಾಯಿಂಟ್ ಸಿಕ್ಕರೆ ಹುಡುಗನ ಹೆಸರು ಎಟಿಪಿ ಪಟ್ಟಿಗೆ ಬರುತ್ತದೆ. ಹುಡುಗಿಯರಿಗೆ ಅಷ್ಟು ಸಾಲದು. ಡಬ್ಲ್ಯುಟಿಎ ಪಟ್ಟಿ ಸೇರಲು ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಿರಬೇಕು. ಎರಡು ಟೂರ್ನಿಯಲ್ಲಿ ಒಂದೊಂದು ಪಂದ್ಯ ಗೆದ್ದು ಗಾಯಗೊಂಡು ಕೂತ ಹುಡುಗಿಯ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ, ಹಳೆಯ ಪಾಯಿಂಟ್‌ನ ಗಡಿಯಾರ ಮಾತ್ರ ಓಡುತ್ತಿರುತ್ತದೆ. ಅದಕ್ಕೇ ಆ ಮೂರು ಟೂರ್ನಿಗಳನ್ನು ವರ್ಷದುದ್ದಕ್ಕೂ ಚದುರಿಸದೆ ಹತ್ತಿರ ಹತ್ತಿರ ಇಟ್ಟುಕೊಳ್ಳುವುದು ಲೇಸು.

ಹೆಸರು ಕೊಡುವುದು ಐಪಿನ್ ಖಾತೆಯ (ಐಟಿಎಫ್‌ನ ಆಟಗಾರರ ಆನ್‌ಲೈನ್ ನೋಂದಣಿ) ಮೂಲಕ. ವೃತ್ತಿಪರ ಐಟಿಎಫ್ ಟೂರ್ನಿಯ ಪ್ರವೇಶ ಮುಗಿಯುವುದು ಪಂದ್ಯವಾರದ ಸೋಮವಾರಕ್ಕೆ 18 ದಿನ ಮೊದಲಿನ ಗುರುವಾರ, ಗ್ರೀನಿಚ್ ಸಮಯ ಮಧ್ಯಾಹ್ನ 2 ಗಂಟೆಗೆ. ದಂಡವಿಲ್ಲದೆ ಹಿಂದೆ ಸರಿಯಲು ಕೊನೆಯ ಅವಕಾಶ 13 ದಿನ ಮೊದಲಿನ ಮಂಗಳವಾರ. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಕೊಡಬಹುದು, ಕೊಡಲೇಬೇಕು. ಕಟ್, ಅಂದರೆ ಪ್ರವೇಶ ಸಿಗುವ ಕೊನೆಯ ಸ್ಥಾನ, ಎಲ್ಲಿ ನಿಲ್ಲುತ್ತದೆಂದು ಮೊದಲೇ ಹೇಳಲಾಗದು. ತೊಂದರೆ ಆಗುವುದು ಜೂನಿಯರ್ ಮತ್ತು ವೃತ್ತಿಪರ ಎರಡೂ ಕಡೆ ಅದೇ ವಾರಕ್ಕೆ ಹೆಸರು ಕೊಟ್ಟು ಒಂದರಿಂದ ಸರಿಯಲು ಮರೆತಾಗ. ಈ ಗಡುವುಗಳನ್ನು ನೋಡಿಕೊಳ್ಳುವ ಹೊಣೆ ಮನೆಯಲ್ಲಿ ಒಬ್ಬರದೇ ಆಗಿರಲಿ. 'ನೀನು ತೆಗೆದಿರಬಹುದು ಅಂದುಕೊಂಡೆ' ಎಂಬ ಮಾತು ಟೂರ್ನಿಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ.

ಅರ್ಹತಾ ಸುತ್ತು ವಾರಾಂತ್ಯದಲ್ಲೇ ಶುರುವಾಗುತ್ತದೆ. ಅಲ್ಲಿ ಮೂರನೇ ಸೆಟ್ ಇಲ್ಲ, ಅದರ ಬದಲು ಹತ್ತು ಪಾಯಿಂಟ್‌ನ ಮ್ಯಾಚ್ ಟೈಬ್ರೇಕ್. ಜೂನಿಯರ್ ಸಿಂಗಲ್ಸ್‌ನಲ್ಲಿ ಮೂರನೇ ಸೆಟ್ ತನಕ ಎಳೆದು, ಎದುರಾಳಿಯನ್ನು ಸುಸ್ತು ಮಾಡಿ ಗೆಲ್ಲುತ್ತಿದ್ದವರಿಗೆ ಇದು ಮೊದಲ ಪೆಟ್ಟು. ಒಂದೂವರೆ ಗಂಟೆ ಆಡಿ, ಹತ್ತೇ ನಿಮಿಷದಲ್ಲಿ ವಾರ ಮುಗಿದಿರುತ್ತದೆ. ಮನೆಯ ಅಭ್ಯಾಸದಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ದಣಿದ ಮೇಲೆ ಬರೀ ಮ್ಯಾಚ್ ಟೈಬ್ರೇಕ್ ಆಡಿಸಬೇಕು. ಸರ್ವ್ ಎಲ್ಲಿಗೆ, ಮೊದಲ ಹೊಡೆತ ಎಲ್ಲಿಗೆ ಎಂದು ಮೊದಲೇ ಹೇಳಿಸಿ ಆಡಿಸಿದರೆ ಇನ್ನೂ ಒಳ್ಳೆಯದು.

ಇನ್ನು ಎದುರಾಳಿ. ನೆಟ್‌ನ ಆಚೆ ನಿಂತವರಿಗೆ ಇಪ್ಪತ್ತೈದೋ ಇಪ್ಪತ್ತೆಂಟೋ ವಯಸ್ಸು. ರ‍್ಯಾಂಕಿಂಗ್ ಎಂಟುನೂರು, ಸಾವಿರ. ಕಾಲೇಜು ಟೆನಿಸ್ ಮುಗಿಸಿ ಬಂದವರು, ಗಾಯದಿಂದ ಮರಳುತ್ತಿರುವವರು, ಕ್ಲಬ್ ಲೀಗ್ ಆಡಿ ಹೊಟ್ಟೆಪಾಡು ನಡೆಸುವವರು. ಅವರ ಫೋರ್‌ಹ್ಯಾಂಡ್ ನೋಡಿದರೆ 'ನಮ್ಮವನದೇ ಜೋರು' ಅನ್ನಿಸುತ್ತದೆ, ಹಲವು ಸಲ ಅದು ನಿಜವೂ ಹೌದು. ಆದರೂ 6-3, 6-4ರಲ್ಲಿ ಗೆಲ್ಲುವುದು ಅವರೇ. ಜೂನಿಯರ್ ಪಂದ್ಯದಲ್ಲಿ ನಾಲ್ಕನೇ ಹೊಡೆತಕ್ಕೆ ಚೆಂಡು ಸರ್ವಿಸ್ ಗೆರೆಯ ಹತ್ತಿರ ಗಿಡ್ಡವಾಗಿ ಬೀಳುತ್ತದೆ, ಹುಡುಗ ಅದನ್ನು ಹೊಡೆದು ಮುಗಿಸುತ್ತಾನೆ. ಇಲ್ಲಿ ಆ ಗಿಡ್ಡ ಚೆಂಡು ಬರುವುದೇ ಇಲ್ಲ. ಬೇಸ್‌ಲೈನ್‌ನಿಂದ ಒಂದೂವರೆ ಮೀಟರ್‌ನೊಳಗೆ ಆಳಕ್ಕೆ, ಎತ್ತರಕ್ಕೆ, ಬ್ಯಾಕ್‌ಹ್ಯಾಂಡ್ ಮೂಲೆಗೆ ಬರುತ್ತಲೇ ಇರುತ್ತದೆ. ಕಾಯಲಾರದೆ ಬೇಸ್‌ಲೈನ್‌ನ ಹಿಂದಿನಿಂದಲೇ ವಿನ್ನರ್ ಹೊಡೆಯಲು ಹೋಗುತ್ತಾನೆ. ಎರಡು ಬೀಳುತ್ತವೆ, ಮೂರು ಹೊರಗೆ ಹೋಗುತ್ತವೆ. 30-30, 40-30ರಲ್ಲಿ ಅನುಭವಿ ಒಂದೂ ಪಾಯಿಂಟ್ ದಾನ ಮಾಡುವುದಿಲ್ಲ.

ಎರಡನೇ ಸರ್ವ್‌ನ ಕಥೆ ಇದಕ್ಕಿಂತ ಕಠೋರ. ಜೂನಿಯರ್‌ನಲ್ಲಿ ಅದು ಬಾಕ್ಸ್‌ನೊಳಗೆ ಬಿದ್ದರೆ ಸಾಕು, ರಿಟರ್ನ್ ಮಾಡುವವನೂ ಮಗುವೇ. ಇಲ್ಲಿ ಎದುರಾಳಿ ಎರಡು ಹೆಜ್ಜೆ ಒಳಗೆ ಬಂದು ನಿಲ್ಲುತ್ತಾನೆ. ಮೊದಲ ಎರಡು ಗೇಮ್‌ನಲ್ಲಿ ಎರಡು ರಿಟರ್ನ್ ಕಾಲಿಗೆ ಬಂದು ಬಿದ್ದರೆ ಮೂರನೇ ಗೇಮ್‌ನಲ್ಲಿ ಡಬಲ್ ಫಾಲ್ಟ್ ಶುರು. ವಿಶ್ವದ ಅಗ್ರ ಆಟಗಾರರೂ ಎರಡನೇ ಸರ್ವ್‌ನಲ್ಲಿ ಗೆಲ್ಲುವುದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅಂಥಲ್ಲಿ ಹೊಸಬನದು ಶೇಕಡಾ ನಲವತ್ತರ ಆಸುಪಾಸಿಗೆ ಇಳಿದರೆ ಗೆಲ್ಲುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಇದಕ್ಕೆ ಬಹಳ ಕೋಚ್‌ಗಳು ನೆಚ್ಚುವ ಮದ್ದು ಸರಳ: ಅಭ್ಯಾಸದ ಸೆಟ್‌ಗಳಲ್ಲಿ ಒಂದೇ ಸರ್ವ್ ಕೊಡುವುದು. ಮೊದಲ ತಿಂಗಳು ಹುಡುಗ ಸೋತು ಸೋತು ರೇಗುತ್ತಾನೆ. ಆಮೇಲೆ ನಿಧಾನ ಮಾಡಿ ತಳ್ಳುವುದನ್ನು ಬಿಟ್ಟು ರ‍್ಯಾಕೆಟ್ ವೇಗ ಹಾಗೇ ಇಟ್ಟು ಸ್ಪಿನ್ ಹೆಚ್ಚಿಸುವುದನ್ನು ದೇಹವೇ ಕಂಡುಕೊಳ್ಳುತ್ತದೆ. ಪಂದ್ಯದಲ್ಲಿ ಯಾರಾದರೂ ನೋಟ್‌ಪುಸ್ತಕ ಹಿಡಿದು ಬರೆದುಕೊಳ್ಳಬೇಕಾದ ಅಂಕಿಗಳೂ ಹೆಚ್ಚಿಲ್ಲ: ಎರಡನೇ ಸರ್ವ್‌ನಲ್ಲಿ ಗೆದ್ದ ಪಾಯಿಂಟ್, ಎದುರಾಳಿಯ ಎರಡನೇ ಸರ್ವ್‌ಗೆ ಆಳವಾಗಿ ಹೋದ ರಿಟರ್ನ್, ನಾಲ್ಕು ಹೊಡೆತದೊಳಗೆ ತಾನಾಗಿ ಮಾಡಿದ ತಪ್ಪು.

ಸೋಲಿನ ಲೆಕ್ಕವೂ ಹೊಸದು. ಫೆಡರರ್ ತಮ್ಮ ಪಂದ್ಯಗಳಲ್ಲಿ ಸುಮಾರು 80 ಶೇಕಡಾ ಗೆದ್ದವರು, ಆದರೆ ಆಡಿದ ಪಾಯಿಂಟ್‌ಗಳಲ್ಲಿ ಗೆದ್ದದ್ದು 54 ಶೇಕಡಾ. ಜೂನಿಯರ್‌ನಲ್ಲಿ ಮೂರು ಪಾಯಿಂಟ್‌ಗೆ ಎರಡು ಗೆದ್ದು ಬೆಳೆದವರಿಗೆ ಅರ್ಧಕ್ಕರ್ಧ ಪಾಯಿಂಟ್ ಕಳೆದುಕೊಳ್ಳುತ್ತ ಪಂದ್ಯದಲ್ಲಿ ಉಳಿಯುವುದು ಅಭ್ಯಾಸವಿರುವುದಿಲ್ಲ. ಮೊದಲ ಹತ್ತು ಹನ್ನೆರಡು ವೃತ್ತಿಪರ ಟೂರ್ನಿಗಳಲ್ಲಿ ಸೋಲೇ ಹೆಚ್ಚು ಎಂದು ಮನೆಯವರಿಗೆ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ನಾಲ್ಕನೇ ಸೋಲಿಗೆ ಕೋಚ್ ಬದಲಾಗುತ್ತಾರೆ, ಆರನೆಯದಕ್ಕೆ ರ‍್ಯಾಕೆಟ್. ಇದಕ್ಕೆ ಸಿದ್ಧವಾದ ವೇಳಾಪಟ್ಟಿ ಇದೆ: ಎರಡು ಅಥವಾ ಮೂರು ವಾರ ವೃತ್ತಿಪರ ಟೂರ್ನಿ, ನಡುವೆ ಗೆಲ್ಲುವ ಅವಕಾಶವಿರುವ ಒಂದು ಜೂನಿಯರ್ ಟೂರ್ನಿ, ಮತ್ತೆ ಮೇಲಕ್ಕೆ. ಸತತ ಎಂಟು ವಾರ ಮೊದಲ ಸುತ್ತಿನಲ್ಲೇ ಸೋತರೆ ಕಲಿಯುವುದು ಸೋಲುವುದನ್ನೇ. ಎಂಟು ವಾರ ಕೆಳಮಟ್ಟದಲ್ಲೇ ಗೆದ್ದರೆ ಏನೂ ಕಲಿತಂತಾಗುವುದಿಲ್ಲ.

ನೋಟನ್ನು ಎಲ್ಲಿ ಮುರಿಸುವುದು

ಜೂನಿಯರ್ ರ‍್ಯಾಂಕಿಂಗ್ ಮೊದಲ ನೂರರೊಳಗಿದ್ದವರಿಗೆ ಎಂ15, ಡಬ್ಲ್ಯು15 ಟೂರ್ನಿಗಳ ಪ್ರಧಾನ ಸುತ್ತಿನಲ್ಲೇ ಕೆಲವು ಜಾಗ ಕಾಯ್ದಿರಿಸಿರುತ್ತಾರೆ. ಅರ್ಹತಾ ಸುತ್ತಿನ ಮ್ಯಾಚ್ ಟೈಬ್ರೇಕ್‌ಗಳಲ್ಲಿ ಸಾಯದೆ ನೇರವಾಗಿ ಒಂದು ಗೆಲುವಿಗೆ ಒಂದು ಪಾಯಿಂಟ್ ಎಂಬಲ್ಲಿಗೆ ಹೋಗುವ ದಾರಿ ಇದು. ಎಷ್ಟೋ ಮಂದಿ ಮೊದಲ ನೂರರೊಳಗೆ ಬಂದ ಮೇಲೂ ಜೂನಿಯರ್ ಐವತ್ತು, ಮೂವತ್ತು ಎಂದು ಬೆನ್ನಟ್ಟುತ್ತ ಈ ಸವಲತ್ತನ್ನು ಮುಟ್ಟುವುದೇ ಇಲ್ಲ.

ಇದಕ್ಕಿಂತ ದೊಡ್ಡದು ವರ್ಷಾಂತ್ಯದ ಮೊದಲ ಇಪ್ಪತ್ತು. ಹುಡುಗರಲ್ಲಿ ವರ್ಷವನ್ನು 1ರಿಂದ 10ರೊಳಗೆ ಮುಗಿಸಿದವರಿಗೆ ಮುಂದಿನ ವರ್ಷ ಎಂಟರವರೆಗೆ ಚಾಲೆಂಜರ್ 50 ಅಥವಾ 75 ಟೂರ್ನಿಗಳ ಪ್ರಧಾನ ಸುತ್ತಿನಲ್ಲಿ ಜಾಗ, 11ರಿಂದ 20ರವರಿಗೆ ಅರ್ಹತಾ ಸುತ್ತಿನಲ್ಲಿ. ಆಕ್ಸಿಲರೇಟರ್ ಎಂದು ಕರೆಯುವ ಯೋಜನೆ ಇದು. ಹುಡುಗಿಯರಿಗೂ ಇದೇ ಬಗೆಯ ಅವಕಾಶಗಳಿವೆ. ಎಂ15ರಲ್ಲಿ ಪ್ರಶಸ್ತಿ ಗೆದ್ದು ಗಳಿಸಬೇಕಾದ ಪಾಯಿಂಟ್ ಇಲ್ಲಿ ಮೂರು ಪಂದ್ಯ ಗೆದ್ದರೆ ಸಿಗಬಹುದು. ಹೀಗಾಗಿ ಹದಿನೇಳರ ವರ್ಷದ ಕೊನೆಯ ಮೂರು ತಿಂಗಳು 22ನೇ ಸ್ಥಾನದಲ್ಲಿರುವ ಹುಡುಗ ಜೂನಿಯರ್ ಟೂರ್ನಿಗಳಿಗೇ ಅಂಟಿಕೊಳ್ಳುವುದರಲ್ಲಿ ಅರ್ಥವಿದೆ. 60ನೇ ಸ್ಥಾನದವನಿಗೆ ಅದೇ ಮೂರು ತಿಂಗಳನ್ನು ಎಂ15ಗಳಲ್ಲಿ ಕಳೆಯುವುದು ಮೇಲು. ಒರ್ಲಾಂಡೊದಲ್ಲೋ ಮಿಲಾನ್‌ನಲ್ಲೋ ಯಾರು ಏನು ಆಡುತ್ತಿದ್ದಾರೆ ಎಂದು ನೋಡಿ ನಕಲು ಮಾಡುವ ಮುನ್ನ ತನ್ನ ಸಂಖ್ಯೆ ಎಷ್ಟೆಂದು ನೋಡಿಕೊಳ್ಳಬೇಕು. ಆಕ್ಸಿಲರೇಟರ್ ಜಾಗ ಸಿಕ್ಕ ಮೇಲೆ ಅವನ್ನೆಲ್ಲ ಜನವರಿ, ಫೆಬ್ರವರಿಯಲ್ಲೇ ಮುಗಿಸುವುದು ಇನ್ನೊಂದು ಸಾಮಾನ್ಯ ತಪ್ಪು. ತನಗೆ ಹೊಂದುವ ಅಂಕಣ, ಮೈ ಹದವಾಗಿರುವ ವಾರ ನೋಡಿ ಇಟ್ಟುಕೊಂಡರೆ ಎಂಟೂ ಸಾರ್ಥಕ.

ವೈಲ್ಡ್ ಕಾರ್ಡ್‌ಗೆ ಎರಡು ಮುಖ. ಡೊನಾಲ್ಡ್ ಯಂಗ್ 2005ರಲ್ಲಿ 15ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಗೆದ್ದರು. ದೊಡ್ಡ ಟೂರ್ನಿಗಳಿಗೆ ಸಾಲು ಸಾಲು ವೈಲ್ಡ್ ಕಾರ್ಡ್ ಬಂದವು. ಎಟಿಪಿ ಟೂರ್‌ನಲ್ಲಿ ಮೊದಲ ಗೆಲುವು ಸಿಕ್ಕಿದ್ದು 2007ರಲ್ಲಿ. ಇದರ ಪಕ್ಕದಲ್ಲಿ ಜೊವಾವೊ ಫೊನ್ಸೆಕಾ ಅವರನ್ನು ಇಡಿ. 2023ರಲ್ಲಿ ಯುಎಸ್ ಓಪನ್ ಜೂನಿಯರ್ ಪ್ರಶಸ್ತಿ, ವರ್ಷಾಂತ್ಯದ ಜೂನಿಯರ್ ನಂಬರ್ ಒನ್. 2024ರ ಫೆಬ್ರವರಿಯಲ್ಲಿ ರಿಯೊ ಓಪನ್ ಕ್ವಾರ್ಟರ್‌ಫೈನಲ್ ತಲುಪಿದ ಮೇಲೆ ಅಮೆರಿಕದ ಕಾಲೇಜಿಗೆ ಸೇರುವ ಯೋಜನೆ ಬಿಟ್ಟರು. ಆದರೆ ಆ ವರ್ಷ ಅವರು ಚಾಲೆಂಜರ್‌ಗಳಲ್ಲೂ ದುಡಿದರು, ಲೆಕ್ಸಿಂಗ್ಟನ್‌ನಲ್ಲಿ ಪ್ರಶಸ್ತಿ ಗೆದ್ದರು. 2025ರ ಫೆಬ್ರವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಎಟಿಪಿ ಪ್ರಶಸ್ತಿ ಬಂತು. ವಿಕ್ಟೋರಿಯಾ ಎಂಬೊಕೊ 2025ನ್ನು ಮುನ್ನೂರರ ಆಚೆಯಿಂದ ಶುರು ಮಾಡಿ ಸಣ್ಣ ಐಟಿಎಫ್ ಟೂರ್ನಿಗಳನ್ನು ಒಂದಾದ ಮೇಲೊಂದು ಗೆದ್ದು, ಆಗಸ್ಟ್‌ನಲ್ಲಿ ಮಾಂಟ್ರಿಯಲ್ ಡಬ್ಲ್ಯುಟಿಎ 1000 ಪ್ರಶಸ್ತಿಯನ್ನೇ ಎತ್ತಿದರು. ಸ್ಪೇನ್‌ನ ಕಾರ್ಲೊಸ್ ಅಲ್ಕರಾಜ್ ಮತ್ತು ಸಿನ್ನರ್ ವೃತ್ತಿಪರ ಟೂರ್ನಿಯಲ್ಲಿ ಎದುರಾದದ್ದೂ ಮೊದಲು ಇಂಥ ಕಡೆಯೇ: 2019ರ ಏಪ್ರಿಲ್, ಅಲಿಕಾಂಟೆ ಚಾಲೆಂಜರ್‌ನ ಆರಂಭದ ಸುತ್ತು, ಅಲ್ಕರಾಜ್‌ಗೆ 15, ಸಿನ್ನರ್‌ಗೆ 17. ಗೆದ್ದವರು ಚಿಕ್ಕವರು.

ಅಮೆರಿಕದ ಕಾಲೇಜು ದಾರಿಯನ್ನು ಸೋತವರ ದಾರಿ ಎಂದು ನೋಡುವ ಕಾಲ ಮುಗಿದಿದೆ. ಸೋಮದೇವ್ ದೇವ್‌ವರ್ಮನ್ 2007, 2008ರಲ್ಲಿ ಸತತ ಎರಡು ಬಾರಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಸಿಂಗಲ್ಸ್ ಗೆದ್ದು ಟೂರ್‌ಗೆ ಬಂದವರು. ಹದಿನೆಂಟಕ್ಕೆ ಮೈ ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ಕೋಚ್, ಜಿಮ್, ಫಿಸಿಯೊ ಖರ್ಚಿಲ್ಲದೆ ಸಿಗುವ ನಾಲ್ಕು ವರ್ಷ ಅದು. ಆದರೆ ಆ ಬಾಗಿಲು ತೆರೆದಿರಬೇಕಾದರೆ ಬಹುಮಾನದ ಹಣ ಮತ್ತು ಶಾಲೆ ಮುಗಿಸಿದ ದಿನಾಂಕದ ಬಗ್ಗೆ ಎಚ್ಚರ ಬೇಕು. ಈ ನಿಯಮಗಳು ಈಚೆಗೆ ಬದಲಾಗುತ್ತಲೇ ಇವೆ. ಹಾಗಾಗಿ ಮೊದಲ ಚೆಕ್ ತೆಗೆದುಕೊಳ್ಳುವ ಮುಂಚೆ ಆ ವರ್ಷದ ನಿಯಮ ಓದಿ, ಪ್ರತಿ ಟೂರ್ನಿಯ ಪ್ರಯಾಣ, ವಸತಿ, ಸ್ಟ್ರಿಂಗಿಂಗ್ ರಸೀದಿಗಳನ್ನೆಲ್ಲ ಎತ್ತಿಡಬೇಕು.

ದೇಹ, ರ‍್ಯಾಕೆಟ್, ದುಡ್ಡು

ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು 12ರಲ್ಲಿ, ಹುಡುಗರು 14ರಲ್ಲಿ. ಹದಿನಾರಕ್ಕೆ ಹುಡುಗಿಯ ಮೈ ಹೆಚ್ಚುಕಡಿಮೆ ವಯಸ್ಕರದ್ದು, ಹುಡುಗನದು ಇನ್ನೂ ಅಲ್ಲ. ಮಿರ‍್ರಾ ಆಂಡ್ರೀವಾ 2023ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಫೈನಲ್ ಸೋತು, ಕೆಲವೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಹಿರಿಯರನ್ನು ಸೋಲಿಸಿ ನಾಲ್ಕನೇ ಸುತ್ತು ತಲುಪಲು ಸಾಧ್ಯವಾದದ್ದಕ್ಕೂ, ಅದೇ ವಯಸ್ಸಿನ ಹುಡುಗರಿಗೆ ಅದು ತೀರ ಅಪರೂಪವಾಗಿರುವುದಕ್ಕೂ ಒಂದು ಕಾರಣ ಇದೇ.

ಬೆಳೆಯುವ ಕಾಲದಲ್ಲಿ ಮಂಡಿಯ ಕೆಳಗಿನ ಗಂಟು, ಹಿಮ್ಮಡಿ ನೋಯುವುದು ಮಾಮೂಲು. ಹೊರೆ ಇಳಿಸಿದರೆ ಕಡಿಮೆಯಾಗುತ್ತದೆ. ಹೆದರಬೇಕಾದದ್ದು ಕೆಳಬೆನ್ನಿನ ಮೂಳೆಯ ಒತ್ತಡದ ಬಿರುಕಿಗೆ. ಕಿಕ್ ಸರ್ವ್‌ಗಾಗಿ (ಸ್ಪಿನ್‌ನಿಂದ ಎತ್ತರಕ್ಕೆ ಪುಟಿಯುವ ಸರ್ವ್) ಬೆನ್ನನ್ನು ಹಿಂದಕ್ಕೆ ಬಾಗಿಸಿ ತಿರುಗಿಸುವ ಕ್ರಿಯೆಯೇ ಅದರ ಮೂಲ. ಕೆಳಬೆನ್ನಿನ ಒಂದು ಬದಿ ನೋವು, ಹಿಂದಕ್ಕೆ ಬಾಗಿದರೆ ಹೆಚ್ಚು, ಎರಡು ವಾರವಾದರೂ ಹೋಗಿಲ್ಲ ಎಂದರೆ ಸ್ನಾಯು ಸೆಳೆತವೆಂದು ಎಣ್ಣೆ ಹಚ್ಚುತ್ತ ಕೂರಬಾರದು. ಆರಂಭದ ಬಿರುಕು ಸಾಮಾನ್ಯ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐ ಬೇಕು. ಬೇಗ ಹಿಡಿದರೆ ಕೆಲವು ತಿಂಗಳ ವಿಶ್ರಾಂತಿ. ಬಿಟ್ಟರೆ ಒಂದು ಋತುವೇ ಹೋಗುತ್ತದೆ. ತಿಂಗಳಿಗೊಮ್ಮೆ ಎತ್ತರ ಅಳೆದು, ದಿಢೀರ್ ಏರಿಕೆ ಕಂಡ ತಿಂಗಳುಗಳಲ್ಲಿ ಸರ್ವ್‌ಗಳ ಸಂಖ್ಯೆ ಇಳಿಸುವುದು ಕೋಚ್ ಮಾಡಬಹುದಾದ ಅತಿ ಅಗ್ಗದ ಚಿಕಿತ್ಸೆ. ವರ್ಷದಲ್ಲಿ ಎರಡು ಬಾರಿಯಾದರೂ ನಾಲ್ಕರಿಂದ ಆರು ವಾರ ಟೂರ್ನಿಯೇ ಇಲ್ಲದ ಅವಧಿ ಇಡಬೇಕು. ಹೊಸ ಸರ್ವ್, ಹೊಸ ಹಿಡಿತ, ಸ್ನಾಯುಬಲ ಎಲ್ಲ ಸೇರುವುದು ಅಲ್ಲೇ.

ರ‍್ಯಾಕೆಟ್ ವಿಷಯದಲ್ಲಿ ಅವಸರ ಬೇಡ. ಜೂನಿಯರ್‌ನ 300 ಗ್ರಾಂ ರ‍್ಯಾಕೆಟ್ ವೃತ್ತಿಪರರ ಭಾರದ ಚೆಂಡಿಗೆ ಕೈಯಲ್ಲೇ ತಿರುಗುತ್ತದೆ, ನಿಜ. ಆದರೆ ಒಮ್ಮೆಗೇ 20 ಗ್ರಾಂ ಏರಿಸಿದರೆ ಭುಜ, ಮಣಿಕಟ್ಟು ದೂರುತ್ತವೆ. ಸೀಸದ ಪಟ್ಟಿಯನ್ನು ಎರಡು ಮೂರು ಗ್ರಾಂನಷ್ಟು ಅಂಟಿಸಿ, ಕೆಲವು ವಾರ ಆಡಿ, ಮತ್ತೆ ಏರಿಸುವುದು ಕ್ರಮ. ಪಾಲಿಯೆಸ್ಟರ್ ಸ್ಟ್ರಿಂಗ್ ಕಡಿಯುವ ಮೊದಲೇ ಸತ್ತಿರುತ್ತದೆ, ಕಟ್ಟಿದ ಮೊದಲ ದಿನವೇ ಬಿಗಿತ ಗಣನೀಯವಾಗಿ ಇಳಿಯುತ್ತದೆ. ಕಡಿದಾಗ ಮಾತ್ರ ಬದಲಿಸುವ ಜೂನಿಯರ್ ಅಭ್ಯಾಸ ಇಲ್ಲಿ ನಡೆಯದು. ಪ್ರತಿ ವಾರ ಚೆಂಡಿನ ಬ್ರ್ಯಾಂಡ್ ಬದಲಾಗುತ್ತದೆ, ಎತ್ತರದ ಊರಿನಲ್ಲಿ ಹಾರುತ್ತದೆ, ತಂಪಿನಲ್ಲಿ ಕಲ್ಲಾಗುತ್ತದೆ. ಚೀಲದಲ್ಲಿ ನಾಲ್ಕು ರ‍್ಯಾಕೆಟ್ ಇದ್ದರೆ ಎರಡನ್ನು ಎಂದಿನ ಬಿಗಿತಕ್ಕೆ, ಒಂದನ್ನು ಒಂದು ಕಿಲೋ ಕಡಿಮೆಗೆ, ಒಂದನ್ನು ಒಂದು ಕಿಲೋ ಹೆಚ್ಚಿಗೆ ಕಟ್ಟಿಸಿ ಮೊದಲ ಅಭ್ಯಾಸದಲ್ಲೇ ತೀರ್ಮಾನಿಸುವುದು ಒಳ್ಳೆಯದು.

ದುಡ್ಡಿನ ಮಾತು ಚಿಕ್ಕದು, ಕಹಿ. ಒಟ್ಟು 15,000 ಡಾಲರ್‌ನ ಎಂ15 ಗೆದ್ದವರಿಗೆ ಸಿಗುವುದು 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವರಿಗೆ 156. ಅದರಲ್ಲೂ ಬಹಳ ದೇಶಗಳಲ್ಲಿ ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ. 2024ರ ವಿಂಬಲ್ಡನ್ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೆ 15,000 ಪೌಂಡ್. ಈ ಎರಡರ ನಡುವಿನ ಕಂದರವನ್ನು ದಾಟುವವರೆಗೆ ಖರ್ಚು ಕೈಯಿಂದಲೇ. ಟೂರ್ನಿ ಹೆಸರಿನ ಮುಂದೆ '+ಎಚ್' ಎಂದಿದ್ದರೆ ವಸತಿ ಅವರದು, ಅಂಥವನ್ನು ಆರಿಸಿಕೊಳ್ಳಬೇಕು. ಒಂದೇ ಪ್ರದೇಶದಲ್ಲಿ ಮೂರು ವಾರ ಸತತವಾಗಿ ನಡೆಯುವ ಟೂರ್ನಿಗಳಿಗೆ ಹೋಗಿ ಒಬ್ಬ ಕೋಚ್‌ನ ಖರ್ಚನ್ನು ಮೂರು ಆಟಗಾರರು ಹಂಚಿಕೊಳ್ಳುವುದು ರೂಢಿ. ಜರ್ಮನಿ, ಫ್ರಾನ್ಸ್‌ನ ಕ್ಲಬ್ ಲೀಗ್‌ಗಳಲ್ಲಿ ಪಂದ್ಯಕ್ಕಿಷ್ಟು ಎಂದು ಸಿಗುವ ಹಣ ಎಷ್ಟೋ ಮಂದಿಯ ಇಡೀ ಬೇಸಿಗೆ ನಡೆಸುತ್ತದೆ.

ಇಷ್ಟು ಕೆಳಮಟ್ಟದ ಪಂದ್ಯಕ್ಕೂ ಲೈವ್ ಸ್ಕೋರ್ ಇದೆ, ಅದರ ಮೇಲೆ ಬೆಟ್ಟಿಂಗ್ ಇದೆ. ಸೋತ ಅರ್ಧ ಗಂಟೆಯೊಳಗೆ ಹದಿನಾರರ ಹುಡುಗಿಯ ಫೋನ್‌ಗೆ ಅಪರಿಚಿತರ ಬೈಗುಳ ಬರುವುದು ಈಗ ಮಾಮೂಲಾಗಿದೆ. ಟೂರ್ನಿ ವಾರಗಳಲ್ಲಿ ಖಾತೆಯ ಮೆಸೇಜುಗಳನ್ನು ಬೇರೆಯವರು ನೋಡಿಕೊಳ್ಳಲಿ. ಆಟಗಾರರಿಗಷ್ಟೇ ಅಲ್ಲ, ಕೋಚ್ ಮತ್ತು ಜೊತೆಗೆ ಬರುವ ಮನೆಯವರಿಗೂ ಟೆನಿಸ್ ಮೇಲೆ ಬಾಜಿ ಕಟ್ಟುವುದು ನಿಷಿದ್ಧ. 'ಇವತ್ತು ಅವಳ ಮೊಣಕಾಲು ಸರಿಯಿಲ್ಲ' ಎಂದು ಹೊರಗಿನವರಿಗೆ ಹೇಳುವುದೂ ಒಳಮಾಹಿತಿ ಸೋರಿಕೆ ಎನ್ನಿಸಿಕೊಳ್ಳಬಹುದು. ಯಾರಾದರೂ ಆಮಿಷ ಒಡ್ಡಿದರೆ ನಿರಾಕರಿಸಿದರಷ್ಟೇ ಸಾಲದು, ಟೆನಿಸ್‌ನ ಭ್ರಷ್ಟಾಚಾರ ತಡೆ ಸಂಸ್ಥೆ ಐಟಿಐಎಗೆ ವರದಿ ಮಾಡದಿರುವುದೂ ತಪ್ಪೇ. ನೆಗಡಿ, ಕೆಮ್ಮಿನ ಮಾತ್ರೆ, ಪ್ರೋಟೀನ್ ಪುಡಿ ಎಲ್ಲಕ್ಕೂ ಉದ್ದೀಪನ ಮದ್ದಿನ ಪಟ್ಟಿ ನೋಡುವ ಅಭ್ಯಾಸ ಜೂನಿಯರ್ ದಿನಗಳಿಂದಲೇ ಇರಬೇಕು.

ಇದೆಲ್ಲ ದಾಟಿ ಮುನ್ನೂರರ ಒಳಗೆ ಬಂದವರಿಗೆ ಎರಡನೇ ವರ್ಷ ಒಂದು ಹೊಸ ಕಷ್ಟ ಕಾದಿರುತ್ತದೆ. ಹೋದ ವರ್ಷ ಗೆದ್ದ ಪಾಯಿಂಟ್ 52 ವಾರಕ್ಕೆ ಉದುರುತ್ತದೆ. ಒಂದೇ ತಿಂಗಳಲ್ಲಿ ಎರಡು ಪ್ರಶಸ್ತಿ ಗೆದ್ದಿದ್ದರೆ ಮುಂದಿನ ವರ್ಷ ಅದೇ ತಿಂಗಳು ಬೆನ್ನಟ್ಟಿ ಬರುತ್ತದೆ. ಅದೇ ಟೂರ್ನಿಗಳಿಗೆ ಹೋಗಿ ಕಾಪಾಡಿಕೊಳ್ಳುವ ಬದಲು ಅದಕ್ಕೆ ಮೊದಲಿನ ಎರಡು ತಿಂಗಳಲ್ಲಿ ಮೇಲಿನ ಮಟ್ಟದಲ್ಲಿ ಅಷ್ಟೇ ಪಾಯಿಂಟ್ ಕೂಡಿಸಲು ನೋಡುವುದು ಒಳ್ಳೆಯ ಯೋಜನೆ. ಗುರಿ ಗ್ರ್ಯಾಂಡ್ ಸ್ಲಾಮ್ ಅರ್ಹತಾ ಸುತ್ತು ಆಗಿದ್ದರೆ ದಿನಾಂಕವನ್ನು ಹಿಂದಿನಿಂದ ಎಣಿಸಬೇಕು: ಪ್ರಧಾನ ಸುತ್ತಿನ ಪ್ರವೇಶಕ್ಕೆ ನೋಡುವುದು ಆರು ವಾರ ಮೊದಲಿನ ರ‍್ಯಾಂಕಿಂಗ್, ಅರ್ಹತಾ ಸುತ್ತಿಗೆ ನಾಲ್ಕು ವಾರ ಮೊದಲಿನದು. ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆಯುವ ಆಸ್ಟ್ರೇಲಿಯನ್ ಓಪನ್‌ ಅರ್ಹತಾ ಸುತ್ತಿಗೆ ಬೇಕಾದ ಪಾಯಿಂಟ್ ಡಿಸೆಂಬರ್ ಮಧ್ಯದೊಳಗೆ ಪಟ್ಟಿಯಲ್ಲಿ ಕಾಣಿಸಿರಬೇಕು. ಆ ತಿಂಗಳು ಟೂರ್ನಿಗಳೇ ಕಡಿಮೆ ಇರುವುದರಿಂದ, ನಿಜವಾದ ಕೊನೆಯ ಅವಕಾಶ ನವೆಂಬರ್ ಚಾಲೆಂಜರ್‌ಗಳಲ್ಲೇ ಮುಗಿದಿರುತ್ತದೆ.